ಮನೆಯಲ್ಲೇ ಕಲಿಯುವ ಮಕ್ಕಳ ಬೇಸಿಗೆ: ಹೂಮಳೆಯಿಂದ ಮುಂಗಾರಿನ ತನಕ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ಕುಟುಂಬಗಳು ಕೊಡಗಿನ ಹಳ್ಳಿಗಳಲ್ಲಿ ಅಲ್ಲೊಂದು ಇಲ್ಲೊಂದು ಇವೆ. ಹೊಸದಾಗಿ ಶುರು ಮಾಡಿದವರಿಗೆ ಏಪ್ರಿಲ್ ಬಂದ ಕೂಡಲೇ ಗೊಂದಲ ಶುರುವಾಗುತ್ತದೆ. ಊರಿನ ಮಕ್ಕಳಿಗೆಲ್ಲ ರಜೆ. ನಾವು ಪಾಠ ನಿಲ್ಲಿಸಬೇಕಾ, ಮುಂದುವರಿಸಬೇಕಾ?

ನಾನು ಹೇಳುವುದು ಇಷ್ಟೇ: ಶಾಲೆಯ ಕ್ಯಾಲೆಂಡರನ್ನು ಪಕ್ಕಕ್ಕಿಡಿ. ನಮ್ಮಲ್ಲಿ ಪುಸ್ತಕ ಹಿಡಿದು ಕೂರುವ ಕಾಲ ಮಳೆಗಾಲ. ಜೂನ್ ಕಳೆದರೆ ಅಂಗಳಕ್ಕೆ ಇಳಿಯುವುದೂ ಕಷ್ಟ, ಆಗ ಎಷ್ಟು ಬೇಕಾದರೂ ಓದಬಹುದು. ಬೇಸಿಗೆ ಹಾಗಲ್ಲ. ಕಾಫಿ ಹೂ ಬಿಡುತ್ತದೆ, ಕರಿಮೆಣಸು ಒಣಗುತ್ತದೆ, ಹಲಸು ಬಲಿಯುತ್ತದೆ, ಜೇನು ತುಂಬುತ್ತದೆ, ಎಲ್ಲರೂ ಮಳೆಗೆ ತಯಾರಿ ಮಾಡುತ್ತಾರೆ. ಇಷ್ಟೆಲ್ಲ ಕಣ್ಣೆದುರು ನಡೆಯುವಾಗ ಮಕ್ಕಳನ್ನು ಒಳಗೆ ಕೂರಿಸಿ ಬೀಜ ಮೊಳೆಯುವ ಚಿತ್ರ ಬಿಡಿಸಲು ಹೇಳುವುದು ಸರಿಯಲ್ಲ. ಬೇಸಿಗೆಯ ಕೆಲಸಗಳೇ ಪಾಠ. ಅದನ್ನು ಹೇಗೆ ಹೊಂದಿಸುವುದು ಅಂತ ಕೆಳಗೆ ಬರೆದಿದ್ದೇನೆ.

1. ಮೊದಲು ವರ್ಷವನ್ನು ಮಳೆಗೆ ಹೊಂದಿಸಿ

ದೊಡ್ಡ ಹಾಳೆಯೊಂದರಲ್ಲಿ ಹನ್ನೆರಡು ತಿಂಗಳು ಬರೆದು ಗೋಡೆಗೆ ಅಂಟಿಸಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಒಂದು ಬಣ್ಣ ಹಚ್ಚಿ. ಓದು, ಬರಹ, ವ್ಯಾಕರಣ, ಇತಿಹಾಸ ಎಲ್ಲ ಆ ತಿಂಗಳುಗಳಿಗೆ. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಜನವರಿಯಿಂದ ರೋಬಸ್ಟಾ ಕೊಯ್ಲು. ಆಗ ಮನೆಯಲ್ಲಿ ದೊಡ್ಡವರಿಗೂ ಪುರುಸೊತ್ತಿರುವುದಿಲ್ಲ, ಹಾಗಾಗಿ ಪಾಠ ಕಡಿಮೆ ಇಟ್ಟುಕೊಳ್ಳಿ. ಫೆಬ್ರವರಿ ಕೊನೆಯಿಂದ ಮೇ ಕೊನೆ ತನಕ ಇನ್ನೊಂದು ಬಣ್ಣ. ಅದು ಅಳೆಯುವ, ತೂಗುವ, ನೋಡಿ ಬರೆದಿಡುವ ಕಾಲ.

ದೊಡ್ಡ ಮಕ್ಕಳಿದ್ದರೆ ಒಂದು ವಿಷಯ ಗಮನಿಸಿ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಓಎಸ್, ಹತ್ತನೇ ತರಗತಿ ಪರೀಕ್ಷೆಯನ್ನು ವರ್ಷಕ್ಕೆ ಎರಡು ಸಲ ಮಾಡುತ್ತದೆ: ಏಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರ್-ನವೆಂಬರ್‌ನಲ್ಲಿ ಒಮ್ಮೆ. ನಮ್ಮ ಕಡೆಯ ಮಕ್ಕಳಿಗೆ ಎರಡನೆಯದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಮಳೆಗಾಲ ಪೂರ್ತಿ ಓದಿ, ಓದಿದ್ದು ಮರೆಯುವ ಮೊದಲೇ ಪರೀಕ್ಷೆ ಬರೆದು ಮುಗಿಸಬಹುದು. ಗುಡುಗು, ಕರೆಂಟ್ ಇಲ್ಲದ ರಾತ್ರಿ, ಮನೆ ತುಂಬ ನೆಂಟರು ಇವುಗಳ ನಡುವೆ ಏಪ್ರಿಲ್‌ನಲ್ಲಿ ಓದಿಸುವ ಕಷ್ಟ ತಪ್ಪುತ್ತದೆ.

2. ದಿನದ ಹೊತ್ತು

ಬೆಳಿಗ್ಗೆ ಬಿಸಿಲು ಏರುವ ಮೊದಲು ಹೊರಗಿನ ಕೆಲಸ. ಹತ್ತೂವರೆ ಹನ್ನೊಂದಕ್ಕೆ ಒಳಗೆ ಬಂದು ಅರ್ಧ ಗಂಟೆ ಗಣಿತ. ಬೇರೆ ಯಾವ ಪುಸ್ತಕದ ಪಾಠ ಬಿಟ್ಟರೂ ಇದೊಂದನ್ನು ಬಿಡಬೇಡಿ. ಭಾಗಾಕಾರ, ಭಿನ್ನರಾಶಿ ಎರಡು ತಿಂಗಳು ಮುಟ್ಟದಿದ್ದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಊಟದ ಮೇಲೆ ಒಂದು ಗಂಟೆ ಯಾರೂ ಯಾರನ್ನೂ ಮಾತಾಡಿಸಬಾರದು. ಮಕ್ಕಳು ಮಲಗಲಿ, ಕಥೆ ಪುಸ್ತಕ ಓದಲಿ, ಸುಮ್ನೆ ಮನೆಯ ಮಾಡು (ಸೂರು) ನೋಡುತ್ತಾ ಬಿದ್ದುಕೊಳ್ಳಲಿ. ಸಂಜೆ ಆಟ. ಏಪ್ರಿಲ್-ಮೇನಲ್ಲಿ ಮಧ್ಯಾಹ್ನ ಮೂರು ಗಂಟೆ ಮೇಲೆ ಗುಡುಗು ಮಳೆ ಬರುವುದು ಜಾಸ್ತಿ. ಆದ್ದರಿಂದ ದೂರ ಹೋಗುವ ಕೆಲಸವೆಲ್ಲ ಬೆಳಿಗ್ಗೆಯೇ ಮುಗಿಸಿ.

ಓದಲು ಪುಸ್ತಕ ಎಲ್ಲಿಂದ? ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ. ಈಗ ಅದಕ್ಕೆ ಅರಿವು ಕೇಂದ್ರ ಅನ್ನುತ್ತಾರೆ, ಮಕ್ಕಳಿಗೆ ಸದಸ್ಯತ್ವ ಉಚಿತ. ರಾಜ್ಯದ ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಪೇಟೆಗೆ ಹೋದಾಗ, ನೆಟ್‌ವರ್ಕ್ ಚೆನ್ನಾಗಿರುವ ಕಡೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ತೋಟದ ಮನೆಯಲ್ಲಿ ಕೂತು ಮಾಡುತ್ತೇನೆ ಅಂದರೆ ಆಗುವ ಮಾತಲ್ಲ.

3. ಮಳೆ ಅಳೆಯುವುದು: ಫೆಬ್ರವರಿಯಲ್ಲೇ ಶುರು ಮಾಡಿ

ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಇದು. ಕೊಡಗಿನ ಕಾಫಿ ತೋಟಗಳಲ್ಲಿ ಮಳೆ ಲೆಕ್ಕವನ್ನು ಇಂದಿಗೂ ಇಂಚು, ಸೆಂಟಿನಲ್ಲೇ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು. "ನಿಮ್ಮಲ್ಲಿ ನಿನ್ನೆ ಎಷ್ಟು?" ಅಂತ ಫೋನ್ ಮಾಡಿದರೆ "ಅರುವತ್ತು ಸೆಂಟ್" ಅನ್ನುತ್ತಾರೆ. ಹಳೇ ತೋಟಗಳಲ್ಲಿ ಅಜ್ಜನ ಕಾಲದ ಮಳೆ ಡೈರಿಗಳಿರುತ್ತವೆ. ದಶಮಾಂಶ ಕಲಿಸಲು ಇದಕ್ಕಿಂತ ಒಳ್ಳೆಯ ಪುಸ್ತಕ ನನಗೆ ಸಿಕ್ಕಿಲ್ಲ.

ಮಾಪಕ ಕೊಳ್ಳಬೇಕಾಗಿಲ್ಲ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ ತನ್ನಿ. ಉದ್ದಕ್ಕೂ ಒಂದೇ ಅಗಲ ಇರಬೇಕು, ನಡು ಸಣ್ಣಗಿರುವುದು ಬೇಡ. ಕುತ್ತಿಗೆಯ ಕಡೆ ಅದು ಸಣ್ಣಗಾಗಲು ಶುರುವಾಗುವ ಜಾಗದಲ್ಲಿ ಕತ್ತರಿಸಿ. ಕತ್ತರಿಸಿದ ಮೇಲ್ಭಾಗದ ಮುಚ್ಚಳ ತೆಗೆದು, ತಲೆಕೆಳಗು ಮಾಡಿ ಬಾಟಲಿಗೇ ಕೂರಿಸಿದರೆ ಆಲಿಕೆ ಆಯಿತು. ಇದರಿಂದ ಬಿದ್ದ ನೀರು ಆವಿಯಾಗುವುದು ಕಡಿಮೆಯಾಗುತ್ತದೆ, ಎಲೆ ಕಸ ಒಳಗೆ ಹೋಗುವುದೂ ಕಡಿಮೆ. ಬಾಯಿಯೂ ಹೊಟ್ಟೆಯೂ ಒಂದೇ ಅಗಲ ಇರುವುದರಿಂದ ಒಳಗೆ ನಿಂತ ನೀರಿನ ಎತ್ತರವೇ ಮಳೆಯ ಅಳತೆ. ಇದು ಯಾಕೆ ಹೀಗೆ ಅಂತ ಮಕ್ಕಳೇ ಯೋಚಿಸಲಿ, ನೀವು ಬೇಗ ಹೇಳಿಬಿಡಬೇಡಿ.

ಬಾಟಲಿಯ ತಳ ಸಮನಾಗಿರುವುದಿಲ್ಲ, ಅಲ್ವಾ? ಅದಕ್ಕೇ ಎತ್ತರ ನೋಡುವುದಕ್ಕಿಂತ ನೀರನ್ನು ಹೊರಗೆ ಬಗ್ಗಿಸಿ ಅಳೆಯುವುದು ಸುಲಭ. ಬಾಟಲಿಯ ಬಾಯಿಯ ಅಡ್ಡಳತೆ 10 ಸೆಂಟಿಮೀಟರ್ ಇದ್ದರೆ ಒಂದು ಇಂಚು ಮಳೆಗೆ ಹೆಚ್ಚುಕಡಿಮೆ 200 ಮಿಲಿಲೀಟರ್ ನೀರು ಸೇರುತ್ತದೆ. ಅಂದರೆ ಎರಡು ಮಿಲಿಲೀಟರಿಗೆ ಒಂದು ಸೆಂಟ್. ಜ್ವರದ ಸಿರಪ್ ಜೊತೆ ಬರುವ ಅಳತೆ ಮುಚ್ಚಳ, ಸೂಜಿ ತೆಗೆದ ಸಿರಿಂಜ್ ಇದ್ದರೆ ಎಂಟು ವರ್ಷದ ಮಗುವೂ ಅಳೆಯಬಲ್ಲದು. 24 ಮಿಲಿಲೀಟರ್ ಸಿಕ್ಕಿತು, ಹಾಗಾದರೆ 12 ಸೆಂಟ್ ಮಳೆ. ನಿಮ್ಮ ಬಾಟಲಿಯ ಅಗಲ ಬೇರೆ ಇದ್ದರೆ ದೊಡ್ಡ ಮಕ್ಕಳಿಂದ ವೃತ್ತದ ವಿಸ್ತೀರ್ಣ ಹಾಕಿಸಿ, 2.54ರಿಂದ ಗುಣಿಸಿ. ಆಗ ನಿಮ್ಮ ಬಾಟಲಿಗೆ ಒಂದು ಇಂಚು ಅಂದರೆ ಎಷ್ಟು ಮಿಲಿಲೀಟರ್ ಅಂತ ಗೊತ್ತಾಗುತ್ತದೆ.

ಮಾಪಕ ಇಡುವ ಜಾಗ ಮುಖ್ಯ. ತೋಟದ ಒಳಗೆ ನೆರಳು ಮರಗಳ ಹನಿ ಬೀಳುತ್ತದೆ. ಕಾಫಿ ಒಣಗಿಸುವ ಕಣದ ಬದಿಯೇ ಸರಿ. ನಾಲ್ಕು ಇಟ್ಟಿಗೆಯ ನಡುವೆ ನಿಲ್ಲಿಸಿ, ಗಾಳಿಗೆ ಬೀಳಬಾರದು. ಹವಾಮಾನ ಇಲಾಖೆ ಬೆಳಿಗ್ಗೆ 8:30ಕ್ಕೆ ಮಳೆ ಲೆಕ್ಕ ತೆಗೆಯುತ್ತದೆ. ನೀವೂ ಅದೇ ಹೊತ್ತು ಇಟ್ಟುಕೊಂಡರೆ ಪೇಪರಿನಲ್ಲಿ ಬರುವ ಅಂಕಿಯ ಜೊತೆ ಹೋಲಿಸಿ ನೋಡಬಹುದು. ಅಲ್ಲಿ ಮಿಲಿಮೀಟರ್ ಇರುತ್ತದೆ. ಒಂದು ಇಂಚಿಗೆ 25.4 ಮಿಲಿಮೀಟರ್, ಬಾಯಿಲೆಕ್ಕಕ್ಕೆ ನಾಲ್ಕು ಸೆಂಟಿಗೆ ಒಂದು ಮಿಲಿಮೀಟರ್ ಅಂದುಕೊಂಡರೆ ಸಾಕು.

ಮಳೆ ಬಾರದ ದಿನವೂ ಸೊನ್ನೆ ಬರೆಯಬೇಕು. ಮಕ್ಕಳು ಇದಕ್ಕೆ ಮೊದಮೊದಲು ಒಪ್ಪುವುದಿಲ್ಲ. ಆದರೆ ಖಾಲಿ ಬಿಟ್ಟ ಜಾಗ ನೋಡಿದರೆ ಮಳೆ ಬಂದಿಲ್ಲವೋ, ನೋಡಲು ಮರೆತರೋ ಅಂತ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

4. ಕಾಫಿ ಹೂವಿನ ಪ್ರಯೋಗ

ಫೆಬ್ರವರಿ ಕೊನೆ, ಮಾರ್ಚ್ ಹೊತ್ತಿಗೆ ಒಂದು ಒಳ್ಳೆ ಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಇದೇ ಹೂಮಳೆ. ರೋಬಸ್ಟಾಕ್ಕೆ ಸುಮಾರು ಒಂದು ಇಂಚಾದರೂ ಬೇಕು. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕುವವರು ಹಾಕುತ್ತಾರೆ. ಎರಡು-ಮೂರು ವಾರ ಬಿಟ್ಟು ಇನ್ನೊಂದು ಮಳೆ ಬೇಕು, ಅದು ಬ್ಯಾಕಿಂಗ್ ಮಳೆ. ನಿಮ್ಮ ಮಕ್ಕಳ ಮಳೆ ಪುಸ್ತಕದಲ್ಲಿ ಈ ಎರಡೂ ದಿನಗಳಿಗೆ ಕೆಂಪು ಗೆರೆ ಎಳೆಸಿ.

ಹೂ ಅರಳುವ ಮೊದಲು ಒಂದು ಪ್ರಯೋಗಕ್ಕೆ ತಯಾರಾಗಿ. ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ರೋಬಸ್ಟಾಕ್ಕೆ ಅದು ಆಗದು, ಬೇರೆ ಗಿಡದ ಪರಾಗ ಗಾಳಿಯಲ್ಲೋ ಜೇನಿನ ಮೂಲಕವೋ ಬರಬೇಕು. ಇದನ್ನು ಮಕ್ಕಳಿಗೆ ಹೇಳಬೇಡಿ. ಅವರೇ ಕಂಡುಹಿಡಿಯಲಿ.

ಬೇಕಾದ್ದು ಹಳೇ ಪಂಚೆಯ ತುಂಡು, ಸೊಳ್ಳೆ ಪರದೆಯ ತುಂಡು, ಸೂಜಿ ದಾರ, ಬಣ್ಣದ ನೂಲು. ಪಂಚೆಯ ತುಂಡಿನಿಂದ ಮೊಳದುದ್ದದ ಒಂದು ಚೀಲ, ಸೊಳ್ಳೆ ಪರದೆಯಿಂದ ಅಷ್ಟೇ ಉದ್ದದ ಇನ್ನೊಂದು ಚೀಲ ಹೊಲಿಸಿ. ಹೀಗೆ ಎರಡು ಜೊತೆ ಬೇಕು, ರೋಬಸ್ಟಾಕ್ಕೆ ಒಂದು, ಅರೇಬಿಕಾಕ್ಕೆ ಒಂದು. ಮಳೆ ಬಿದ್ದ ಮೇಲೆ ದಿನಾ ಬೆಳಿಗ್ಗೆ ಮೊಗ್ಗು ನೋಡಿ. ಹಸಿರು ಮೊಗ್ಗು ಬೆಳ್ಳಗಾಗಿ, ಉದ್ದವಾಗಿ, ನಾಳೆಯೋ ನಾಡಿದ್ದೋ ಬಿರಿಯುತ್ತದೆ ಅನ್ನುವಾಗ ಒಂದೇ ಗಿಡದ ಮೂರು ರೆಕ್ಕೆ, ಅಂದರೆ ಅಡ್ಡ ಕೊಂಬೆ, ಆರಿಸಿ. ಒಂದಕ್ಕೆ ಬಟ್ಟೆ ಚೀಲ, ಒಂದಕ್ಕೆ ಪರದೆ ಚೀಲ, ಮೂರನೆಯದಕ್ಕೆ ಬರೀ ನೂಲು. ಚೀಲ ಹಾಕುವ ಮೊದಲು ಪ್ರತಿ ಗಂಟಿನಲ್ಲಿ ಎಷ್ಟು ಮೊಗ್ಗಿದೆ ಅಂತ ಎಣಿಸಿ ಬರೆಯಬೇಕು. ಇದು ತಾಳ್ಮೆ ಬೇಡುವ ಕೆಲಸ. ಒಬ್ಬರು ಎಣಿಸಿ ಇನ್ನೊಬ್ಬರು ಬರೆದರೆ ಬೇಗ ಆಗುತ್ತದೆ. ಎರಡೆರಡು ಗಿಡದಲ್ಲಿ ಮಾಡಿದರೆ ಇನ್ನೂ ಒಳ್ಳೆಯದು, ಒಂದು ರೆಕ್ಕೆ ಮುರಿದರೂ ಲೆಕ್ಕ ಹಾಳಾಗುವುದಿಲ್ಲ.

ಹೂ ಬಿರಿದ ದಿನ ಸುಮ್ನೆ ತೋಟದಲ್ಲಿ ನಿಲ್ಲಿ. ಆ ಪರಿಮಳ ಎಲ್ಲಿಯವರೆಗೆ ಬರುತ್ತದೆ, ಯಾವ ಹೊತ್ತಿಗೆ ಜೇನು ಜಾಸ್ತಿ, ಹೆಜ್ಜೇನೋ ತುಡುವೆಯೋ, ಒಂದು ಹೂವಿನ ಮೇಲೆ ಎಷ್ಟು ಹೊತ್ತು ಕೂರುತ್ತದೆ, ಇದನ್ನೆಲ್ಲ ಬರೆಯಲಿ. ಈ ದಿನಗಳಲ್ಲಿ ಯಾವುದೇ ಔಷಧಿ ಹೊಡೆಯಬೇಡಿ. ಎರಡು-ಮೂರು ದಿನಕ್ಕೆ ಹೂ ಬಾಡಿ ಕಂದಾಗುತ್ತದೆ. ಇನ್ನೂ ಒಂದೆರಡು ದಿನ ಬಿಟ್ಟು ಚೀಲ ತೆಗೆದು, ಅಲ್ಲೂ ನೂಲು ಕಟ್ಟಿ.

ಫಲಿತಾಂಶಕ್ಕೆ ಆತುರ ಬೇಡ. ಹೀಚು ಬಹಳ ದಿನ ಕಾಳುಮೆಣಸಿಗಿಂತ ಸಣ್ಣದಾಗಿಯೇ ಇರುತ್ತದೆ. ಮಳೆ ಹಿಡಿದ ಮೇಲೆ, ಜೂನ್ ಕೊನೆಗೆ ಎಣಿಸಿದರೆ ಸರಿಯಾಗಿ ಕಾಣುತ್ತದೆ. ಬಟ್ಟೆ ಚೀಲದೊಳಗಿದ್ದ ಅರೇಬಿಕಾ ಕಾಯಿ ಕಟ್ಟಿರುತ್ತದೆ, ರೋಬಸ್ಟಾ ಹೆಚ್ಚುಕಡಿಮೆ ಬರಿದಾಗಿರುತ್ತದೆ. ಪರದೆ ಚೀಲದಲ್ಲಿ ಗಾಳಿಯ ಪರಾಗ ಬಂದಿರುತ್ತದೆ, ಜೇನು ಬಂದಿರುವುದಿಲ್ಲ. ಅಲ್ಲಿ ಎಷ್ಟು ಕಾಯಿ ಕಟ್ಟಿದೆ ಅನ್ನುವುದು ನಿಮ್ಮ ತೋಟದಲ್ಲಿ ಜೇನಿನ ಪಾಲು ಎಷ್ಟು ಅಂತ ಸ್ವಲ್ಪ ಮಟ್ಟಿಗೆ ಹೇಳುತ್ತದೆ. ಶೇಕಡಾ ಲೆಕ್ಕ ಕಲಿಸಲು ಇದೇ ಸಮಯ.

ಜೇನು ಪೆಟ್ಟಿಗೆ ಇರುವವರಿಗೆ ಒಂದು ಮಾತು. ತುಪ್ಪ ತೆಗೆಯುವಾಗ ಮಕ್ಕಳು ಹತ್ತಿರ ಇರಲಿ, ಆದರೆ ಎಲ್ಲ ಎರಿಯನ್ನೂ ಬರಿದು ಮಾಡಬೇಡಿ. ಮಳೆಗಾಲದಲ್ಲಿ ಅವುಗಳಿಗೆ ಹೂವಿಲ್ಲ. ಯಾಕೆ ಬಿಡಬೇಕು ಅಂತ ಮಕ್ಕಳಿಗೆ ಗೊತ್ತಿರಲಿ.

5. ಕರಿಮೆಣಸು ಮತ್ತು ಓಟಿ: ತೂಕದ ಪಾಠ

ಬಳ್ಳಿಯ ಗೊನೆಯಲ್ಲಿ ಒಂದೆರಡು ಕಾಳು ಹಣ್ಣಾಗಿ ಕೆಂಪಾದರೆ ಕೊಯ್ಯಬಹುದು. ಏಣಿ ಹತ್ತುವುದು ಮಕ್ಕಳ ಕೆಲಸವಲ್ಲ, ಯಾವ ವಯಸ್ಸಿನ ಮಕ್ಕಳಾದರೂ ಸರಿ. ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿ ನಮ್ಮ ಜಿಲ್ಲೆಯಲ್ಲಿ ಜೀವ ಹೋಗಿದೆ. ಏಣಿ ಎತ್ತಿ ಒಯ್ಯುವಾಗಲೂ ಮಕ್ಕಳು ದೂರ ಇರಲಿ.

ಮಕ್ಕಳ ಪಾಲಿಗೆ ಮೂರು ಕಿಲೋ ಹಸಿ ಮೆಣಸು ಬೇರೆ ತೆಗೆದುಕೊಡಿ. ಗೊನೆಯಿಂದ ಕಾಳು ಬಿಡಿಸಲಿ. ಬಿದಿರು ಬುಟ್ಟಿಯಲ್ಲಿ ಹಾಕಿ ಕುದಿಯುವ ನೀರಿಗೆ ಒಂದು ನಿಮಿಷ ಅದ್ದಿ ತೆಗೆದರೆ ಬಣ್ಣ ಒಂದೇ ಥರ ಕಪ್ಪಾಗಿ ಬರುತ್ತದೆ. ಇದನ್ನು ದೊಡ್ಡವರೇ ಮಾಡಬೇಕು. ಆಮೇಲೆ ಕಣದಲ್ಲಿ ಹರವಿ. ದಿನಾ ಸಂಜೆ ಒಳಗೆ ತರುವಾಗ ತೂಗಿ, ಗ್ರಾಫ್ ಹಾಳೆಯಲ್ಲಿ ಒಂದು ಚುಕ್ಕೆ ಇಡಲಿ. ಮೊದಲ ಎರಡು ದಿನ ಗೆರೆ ದಬಕ್ಕನೆ ಇಳಿಯುತ್ತದೆ, ಆಮೇಲೆ ನಿಧಾನ. ಎರಡು ಸಂಜೆ ತೂಕ ಒಂದೇ ಬಂದರೆ ಒಣಗಿದೆ ಅಂತ ಅರ್ಥ. ಮೂರು ಕಿಲೋ ಇದ್ದದ್ದು ಸುಮಾರು ಒಂದು ಕಿಲೋಗೆ ಇಳಿದಿರುತ್ತದೆ. ಉಳಿದ ಎರಡು ಕಿಲೋ ಎಲ್ಲಿ ಹೋಯಿತು ಅಂತ ಚಿಕ್ಕ ಮಕ್ಕಳನ್ನು ಕೇಳಿ ನೋಡಿ, ಒಳ್ಳೊಳ್ಳೆ ಉತ್ತರ ಬರುತ್ತದೆ.

ಹತ್ತು ವರ್ಷ ದಾಟಿದ ಮಕ್ಕಳಿಗೆ ಓಟಿ, ಅಂದರೆ ಔಟ್‌ಟರ್ನ್, ಕಲಿಸಿ. ರೋಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಮಾರುವಾಗ 50 ಕಿಲೋ ಚೀಲದಲ್ಲಿ ಎಷ್ಟು ಕಿಲೋ ಬೀಜ ಸಿಗುತ್ತದೆ ಅನ್ನುವುದರ ಮೇಲೆ ಬೆಲೆ ನಿಂತಿದೆ. 26 ಕಿಲೋ ಸಿಕ್ಕಿದರೆ ಓಟಿ 26. ಮನೆಯಲ್ಲಿ 500 ಗ್ರಾಂ ಒಣಗಿದ ಚೆರಿ ತೂಗಿ, ಒರಳಲ್ಲಿ ಮೆಲ್ಲಗೆ ಕುಟ್ಟಿ, ಮೊರದಲ್ಲಿ ಸಿಪ್ಪೆ ಕೇರಿ, ಬೀಜ ತೂಗಲಿ. 260 ಗ್ರಾಂ ಬಂದರೆ ಓಟಿ 26. ಗ್ರಾಮನ್ನು ಹತ್ತರಿಂದ ಭಾಗಿಸಿದರೆ ಓಟಿ ಯಾಕೆ ಬರುತ್ತದೆ ಅಂತ ಅವರೇ ಬಿಡಿಸಿ ಹೇಳಬೇಕು. ಆ ದಿನದ ರೇಟು ಹಾಕಿ ಚೀಲದ ಬೆಲೆಯನ್ನೂ ಅವರೇ ಲೆಕ್ಕ ಮಾಡಲಿ. ಮಾರುವ ದಿನ ಅಪ್ಪನ ಜೊತೆಗೋ ಅಮ್ಮನ ಜೊತೆಗೋ ಅಂಗಡಿಗೆ ಹೋಗಿ ಸ್ಯಾಂಪಲ್ ತೆಗೆಯುವುದನ್ನು ನೋಡಲಿ. ಮನೆಯ ದುಡ್ಡು ಎಲ್ಲಿಂದ ಬರುತ್ತದೆ ಅಂತ ಮಕ್ಕಳಿಗೆ ಗೊತ್ತಿರಬೇಕು ಅಂತ ನಾನು ನಂಬುತ್ತೇನೆ.

ಇಲ್ಲಿ ಒಂದು ಎಚ್ಚರ. ಪಾಠದ ಹೆಸರಲ್ಲಿ ಮಕ್ಕಳನ್ನು ಕೆಲಸಕ್ಕೆ ಹಚ್ಚಬಾರದು. ಮೂರು ಕಿಲೋ ಪಾಠ, ಮೂವತ್ತು ಕಿಲೋ ಕೂಲಿ. "ಸಾಕು" ಅಂದ ಕೂಡಲೇ ಬಿಟ್ಟು ಎದ್ದು ಹೋಗಲು ಮಗುವಿಗೆ ಸ್ವಾತಂತ್ರ್ಯ ಇರಬೇಕು. ಲೈನ್ ಮನೆಯ, ಅಂದರೆ ತೋಟದ ಕಾರ್ಮಿಕರ ಮನೆಗಳ, ಮಕ್ಕಳು ಜೊತೆಗೆ ಬಂದರೆ ಅವರಿಗೂ ಇದೇ ನಿಯಮ. ಅವರಿಗೂ ಒಂದು ಪುಸ್ತಕ, ಪೆನ್ಸಿಲ್ ಕೊಡಿ. ರಜೆಯಲ್ಲಿ ಅವರೂ ಮನೆಯಲ್ಲೇ ಇರುತ್ತಾರೆ.

6. ನೆರಳಿಲ್ಲದ ಮಧ್ಯಾಹ್ನ

ಏಪ್ರಿಲ್ 22, 23ರ ಸುಮಾರಿಗೆ ಮಡಿಕೇರಿ ಕಡೆ ಮಧ್ಯಾಹ್ನ 12:25ರ ಹೊತ್ತಿಗೆ ಸೂರ್ಯ ನೆತ್ತಿಗೆ ಸರಿಯಾಗಿ ಬರುತ್ತಾನೆ. ನೇರ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಕಣದಲ್ಲಿ ಪಿವಿಸಿ ಪೈಪಿನ ತುಂಡೊಂದನ್ನು ನೆಟ್ಟಗೆ ನಿಲ್ಲಿಸಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೇರ ಇದೆಯೋ ನೋಡಿ. 12 ಗಂಟೆಯಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು. ಹಿಂದಿನ ದಿನ, ಮರುದಿನ ಕೂಡ ಮಾಡಿ, ಮೋಡ ಕವಿದರೆ ಕೈತಪ್ಪುತ್ತದೆ. ಆಗಸ್ಟ್‌ನಲ್ಲಿ ಇನ್ನೊಂದು ಸಲ ಬರುತ್ತದೆ, ಆದರೆ ಆಗ ನಮಗೆ ಸೂರ್ಯ ಕಾಣುವುದು ಎಲ್ಲಿ! ದೆಹಲಿಯಲ್ಲಿರುವ ಮಕ್ಕಳಿಗೆ ಇದು ಯಾವತ್ತೂ ಸಿಗುವುದಿಲ್ಲ. ಯಾಕೆ ಅಂತ ಗ್ಲೋಬ್ ಇಟ್ಟು ಕರ್ಕಾಟಕ ವೃತ್ತ ತೋರಿಸಿ.

7. ನೆಂಟರ ಮಕ್ಕಳು, ಹಾಕಿ, ಅಜ್ಜಿಯ ಮಾತು

ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆ ತನಕ ಶಾಲೆಗಳಿಗೆ ರಜೆ. ಮನೆ ತುಂಬುತ್ತದೆ. ನೆಂಟರ ಮಕ್ಕಳು "ನಿಮಗೆ ರಜೆ ಇಲ್ವಾ?" ಅಂತ ಕೇಳುತ್ತಾರೆ. ಚಿಕ್ಕಪ್ಪ, ಅತ್ತೆ "ಶಾಲೆಗೆ ಯಾವಾಗ ಸೇರಿಸ್ತೀರಿ?" ಅಂತ ಕೇಳುತ್ತಾರೆ. ವಾದ ಮಾಡಬೇಡಿ. ಬಂದ ಮಕ್ಕಳಿಗೂ ಒಂದು ಮಳೆ ಬಾಟಲಿ ಕೊಡಿ. ದೊಡ್ಡವರ ಕೈಗೆ ಮಕ್ಕಳ ಪುಸ್ತಕ ಕೊಡಿ, ನೋಡಲಿ. ನೆಂಟರಿರುವ ದಿನಗಳಲ್ಲಿ ಗಣಿತದ ಅರ್ಧ ಗಂಟೆಯನ್ನೂ ಬೇಕಿದ್ದರೆ ಬೆಳಿಗ್ಗೆ ಹೊತ್ತಿಗೇ ಮುಗಿಸಿಬಿಡಿ, ಆಮೇಲೆ ಅವರ ಪಾಡಿಗೆ ಬಿಡಿ. ಒಂಟಿಯಾಗಿ ಕಲಿಯುವ ಮಕ್ಕಳಿಗೆ ಓರಗೆಯವರ ಜೊತೆ ಜಗಳ, ರಾಜಿ, ಗುಂಪಿನ ಆಟ ಇವೆಲ್ಲ ತುಂಬ ಬೇಕು. ಅದು ಸಿಗುವ ಕಾಲ ಇದೇ.

ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಒಂದು ದಿನ ಕರೆದುಕೊಂಡು ಹೋಗಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಈ ಪಂದ್ಯಾವಳಿ ಬೇಸಿಗೆಯಲ್ಲಿ ನಡೆಯುತ್ತದೆ. 2024ರಲ್ಲಿ ನಾಪೋಕ್ಲಿನಲ್ಲಿ 360 ಕುಟುಂಬಗಳ ತಂಡಗಳಿದ್ದವು. ಸೋತವರು ಮನೆಗೆ ಹೋಗುವ ಪಂದ್ಯಾವಳಿ. ಹಾಗಾದರೆ ಕಪ್ ಯಾರಿಗೆ ಅಂತ ತೀರ್ಮಾನವಾಗಲು ಒಟ್ಟು ಎಷ್ಟು ಆಟ ಬೇಕು? ಮಕ್ಕಳು ಮೊದಲು ಭಾಗಿಸುತ್ತಾ ಹೋಗುತ್ತಾರೆ. ಒಂದು ಆಟಕ್ಕೆ ಒಂದು ತಂಡ ಹೊರಗೆ, ಕೊನೆಗೆ ಉಳಿಯುವುದು ಒಂದೇ ತಂಡ, ಹಾಗಾಗಿ 359 ಅಂತ ಹೊಳೆದಾಗ ಅವರ ಮುಖ ನೋಡಬೇಕು.

ಮಧ್ಯಾಹ್ನ ಅಜ್ಜಿಯ ಹತ್ತಿರ ಕೂರಿಸಿ. ಅರೆಭಾಷೆ, ಕೊಡವ ತಕ್ಕ್, ತುಳು, ಮಲಯಾಳ, ಯಾವುದೇ ಮನೆಮಾತಿರಲಿ, ತೋಟದ ಮರಗಳಿಗೆ, ಹಕ್ಕಿಗಳಿಗೆ ಅಜ್ಜಿ ಏನನ್ನುತ್ತಾರೆ ಅಂತ ಬರೆದುಕೊಳ್ಳಲಿ. ಬೇಸಿಗೆ ಪೂರ್ತಿ "ಕುಟ್ರೂ ಕುಟ್ರೂ" ಅಂತ ಕೂಗುವ ಕುಟ್ರುಹಕ್ಕಿಯಿಂದ ಶುರು ಮಾಡಬಹುದು.

8. ನೀರು, ಸಿಡಿಲು, ಆನೆ, ಹಾವು

ಈ ಭಾಗವನ್ನು ಮಕ್ಕಳ ಜೊತೆ ಕೂತು ಓದಿ.

ಬೇಸಿಗೆಯಲ್ಲಿ ನನಗೆ ಹೆಚ್ಚು ಭಯ ನೀರಿನದು. ಹೊಳೆ ತೆಳ್ಳಗೆ ಹರಿಯುತ್ತಿದ್ದರೂ ಗುಂಡಿಗಳು ಆಳವಾಗಿಯೇ ಇರುತ್ತವೆ. ಅದಕ್ಕಿಂತ ಅಪಾಯ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡ. ಹಾಳೆಯ ಮೇಲೆ ಪಾಚಿ ಕಟ್ಟಿರುತ್ತದೆ, ಜಾರಿ ಬಿದ್ದರೆ ಈಜು ಬರುವವರಿಗೂ ಹತ್ತಿ ಬರಲು ಆಗುವುದಿಲ್ಲ. ಸುತ್ತ ಬೇಲಿ ಹಾಕಿ. ನಾಲ್ಕೂ ಬದಿಗೆ ಗಂಟು ಹಾಕಿದ ದಪ್ಪ ಹಗ್ಗ ಇಳಿಬಿಟ್ಟು ಮರಕ್ಕೆ ಕಟ್ಟಿ, ಗಾಳಿ ತುಂಬಿದ ಹಳೇ ಟ್ಯೂಬ್ ಒಂದು ಪಕ್ಕದಲ್ಲೇ ಇರಲಿ. ದೊಡ್ಡವರಿಲ್ಲದೆ ನೀರಿನ ಹತ್ತಿರ ಹೋಗಬಾರದು ಅನ್ನುವ ನಿಯಮಕ್ಕೆ ವಿನಾಯಿತಿ ಕೊಡಬೇಡಿ. ನೆಂಟರ ಮಕ್ಕಳಿಗೆ ಬಂದ ದಿನವೇ ಹೇಳಿ.

ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಸೆಕೆಂಡ್ ಎಣಿಸಲು ಕಲಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಮೂವತ್ತಕ್ಕಿಂತ ಕಡಿಮೆ ಬಂದರೆ ಎಲ್ಲಿದ್ದರೂ ಮನೆ ಸೇರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಹೊರಗಿಲ್ಲ. ಮರದ ಕೆಳಗೆ ನಿಲ್ಲಬಾರದು.

ಹಲಸು ಹಣ್ಣಾಗುವ ಹೊತ್ತಿಗೆ ಆನೆ ತೋಟಕ್ಕೆ ಇಳಿಯುತ್ತದೆ. ಮನೆ ಹತ್ತಿರದ ಮರದ ಕಾಯಿಗಳನ್ನು ಹಣ್ಣಾಗುವ ಮೊದಲೇ ಇಳಿಸಿಬಿಡಿ. ಬೆಳಗಿನ ಜಾವ, ಮುಸ್ಸಂಜೆ ಮಕ್ಕಳು ತೋಟದೊಳಗೆ ಓಡಾಡಬಾರದು. ಅರಣ್ಯ ಇಲಾಖೆಯ ನಿಮ್ಮ ಭಾಗದ ಸಿಬ್ಬಂದಿಯ ನಂಬರ್ ಗೋಡೆಯ ಮೇಲೆ ಬರೆದಿರಲಿ.

ಹಾವು ಕಚ್ಚಿದರೆ ಕೊಯ್ಯಬಾರದು, ಚೀಪಬಾರದು, ಬಿಗಿಯಾಗಿ ಕಟ್ಟಬಾರದು. ಕಚ್ಚಿದ ಕೈ ಅಥವಾ ಕಾಲು ಅಲ್ಲಾಡದಂತೆ ಇಟ್ಟು, ಮಗುವನ್ನು ನಡೆಸದೆ ಎತ್ತಿಕೊಂಡು ಆಸ್ಪತ್ರೆಗೆ ಹೋಗಬೇಕು. ವಿಷಕ್ಕೆ ಕೊಡುವ ಚುಚ್ಚುಮದ್ದು ಹತ್ತಿರದಲ್ಲಿ ಎಲ್ಲಿ ಇದೆ ಅಂತ ಮಾರ್ಚ್‌ನಲ್ಲೇ ವಿಚಾರಿಸಿಡಿ. 108 ಎಲ್ಲರಿಗೂ ಬಾಯಿಪಾಠ ಇರಲಿ.

9. ಹಲಸು, ಸೌದೆ, ದಂಬೆ

ಮೇ ತಿಂಗಳು ಅಡುಗೆಮನೆಯದು. ಬಲಿತ, ಆದರೆ ಹಣ್ಣಾಗದ ಹಲಸಿನ ತೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಮೆಣಸು, ಜೀರಿಗೆ ಹಾಕಿ ರುಬ್ಬಿ. ನೀರು ಹಾಕಬೇಡಿ. ಉಂಡೆ ಮಾಡಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮಣೆಯಿಂದ ಒತ್ತಿದರೆ ಹಪ್ಪಳ. ಒತ್ತುವ ಕೆಲಸಕ್ಕೆ ಮಕ್ಕಳು ಮುಗಿಬೀಳುತ್ತಾರೆ. ಕೈಗೆ ಮೊದಲೇ ತೆಂಗಿನೆಣ್ಣೆ ಹಚ್ಚಿಸಿ, ಇಲ್ಲದಿದ್ದರೆ ಮೇಣ ಬಿಡಿಸುವುದು ಕಷ್ಟ. ಬೀಜ ತೊಳೆದು, ಒಣಗಿಸಿ, ಕೆಮ್ಮಣ್ಣು ಸವರಿ ಇಟ್ಟರೆ ಮಳೆಗಾಲದ ಸಾರಿಗೆ ಬರುತ್ತದೆ. ಎಷ್ಟು ಕಾಯಿಗೆ ಎಷ್ಟು ಹಪ್ಪಳ, ಒಂದು ಕಟ್ಟಿಗೆ ಎಷ್ಟು, ಯಾರ ಮನೆಗೆ ಎಷ್ಟು ಕಟ್ಟು ಅನ್ನುವ ಲೆಕ್ಕ ಮಕ್ಕಳದೇ.

ಸೌದೆ ಒಳಗೆ ಸೇರಿಸುವುದು, ಮಾಡಿನ ಹೆಂಚು ನೋಡುವುದು, ದಂಬೆಯ (ಮಾಡಿನಂಚಿನಲ್ಲಿ ಮಳೆನೀರು ಹರಿಯುವ ದೋಣಿಯ) ಕಸ ತೆಗೆಯುವುದು, ಚರಂಡಿ ಬಿಡಿಸುವುದು ಎಲ್ಲ ಮೇ 20ರ ಒಳಗೆ ಆಗಬೇಕು. ದಂಬೆ ಶುಚಿ ಮಾಡುವಾಗ ಒಂದು ಲೆಕ್ಕ ಕೊಡಿ. ಒಂದು ಚದರ ಅಡಿ ಮಾಡಿನ ಮೇಲೆ ಒಂದು ಇಂಚು ಮಳೆ ಬಿದ್ದರೆ 2.36 ಲೀಟರ್ ನೀರು. ಸಾವಿರ ಚದರ ಅಡಿಯ ಮನೆಗೆ 2,360 ಲೀಟರ್. ಒಂದು ಎಕರೆ ತೋಟಕ್ಕೆ ಲಕ್ಷ ಲೀಟರ್ ದಾಟುತ್ತದೆ. ಕೊಡಗಿನ ಜುಲೈ ತಿಂಗಳಲ್ಲಿ ಒಂದೇ ದಿನ ನಾಲ್ಕೈದು ಇಂಚು ಬೀಳುವುದು ಹೊಸದಲ್ಲ. ಇಷ್ಟು ನೀರು ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು ಅಂತ ಮಕ್ಕಳ ಜೊತೆ ಜಾಗದ ನಕ್ಷೆ ಬಿಡಿಸಿ, ಬಾಣದ ಗುರುತು ಹಾಕಿ. ಮನೆಯ ಹಿಂದೆ ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಇಳಿಜಾರು, ಇದ್ದರೆ ಅದರ ನೆತ್ತಿಯಲ್ಲಿ ನಡೆದು ನೆಲ ಬಿರುಕು ಬಿಟ್ಟಿದೆಯೋ, ಮರಗಳು ವಾಲಿವೆಯೋ ನೋಡಿ. 2018ರ ಆಗಸ್ಟ್‌ನ ಭೂಕುಸಿತ ಕಂಡ ಜಿಲ್ಲೆ ನಮ್ಮದು. ಬಿರುಕು ಕಂಡರೆ ಫೋಟೋ ತೆಗೆದು ಪಂಚಾಯಿತಿಗೆ ಬರೆದು ಕೊಡಿ. ಅರ್ಜಿ ಬರೆಯುವುದನ್ನು ದೊಡ್ಡ ಮಗುವೇ ಮಾಡಲಿ.

10. ಕಡತ

ಮೇ ಕೊನೆಯ ವಾರ ಮಳೆ ಪುಸ್ತಕ, ಮೆಣಸಿನ ಗ್ರಾಫ್, ಹೂವಿನ ಎಣಿಕೆ, ನಕ್ಷೆ, ಅರ್ಜಿಯ ಪ್ರತಿ ಎಲ್ಲವನ್ನೂ ತಾರೀಖು ಹಾಕಿ ಒಂದು ಕಡತದಲ್ಲಿ ಸೇರಿಸಿ. ಪ್ರತಿ ಹಾಳೆಯ ಹಿಂದೆ ಎರಡು ಸಾಲು ಇರಲಿ: ಏನು ಮಾಡಿದೆವು, ಏನು ಕಲಿತೆವು. ಅದನ್ನು ಮಗುವೇ ಬರೆಯಬೇಕು. ಮುಂದೆ ಶಾಲೆಗೆ ಸೇರಬೇಕು ಅನ್ನಿಸಿದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 6ರಿಂದ 14 ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಲು ಅವಕಾಶ ಇದೆ. ಎನ್‌ಐಓಎಸ್ ಹತ್ತನೇ ತರಗತಿಗೆ 14 ವರ್ಷ ತುಂಬಿರಬೇಕು. ಎರಡಕ್ಕೂ ವಯಸ್ಸು ತೋರಿಸಲು ಜನನ ಪ್ರಮಾಣಪತ್ರ ಇದ್ದರೆ ಒಳ್ಳೆಯದು, ಅದರ ಪ್ರತಿಯನ್ನೂ ಇದರಲ್ಲೇ ಇಡಿ. ಮೇಷ್ಟ್ರ ಎದುರು ಕೂತಾಗ ಈ ಕಡತ ನಿಮ್ಮ ಪರವಾಗಿ ಮಾತಾಡುತ್ತದೆ.

ಮಳೆಗಾಲಕ್ಕೆ ಓದುವ ಪುಸ್ತಕಗಳನ್ನು ಒಂದು ದಿನ ಎಳೆ ಬಿಸಿಲಿಗೆ ಹರವಿ, ತಣಿದ ಮೇಲೆ ಗಾಳಿಯಾಡದ ಡಬ್ಬದಲ್ಲಿ ಹಾಕಿ. ಕಡತವೂ ಅದರೊಳಗೇ ಇರಲಿ, ಗೋಡೆಗೆ ತಾಗಿಸಿಟ್ಟ ಕಪಾಟಿನಲ್ಲಿ ಬೇಡ. ಜುಲೈ ಹೊತ್ತಿಗೆ ಬೂಷ್ಟು ಹಿಡಿಯುವುದು ಅಲ್ಲಿಂದಲೇ.